ಕೆರೆಯ ಜೀವಿಗಳನ್ನು ನಡೆ ಮತ್ತು ನೆಲೆ ನೋಡಿ ಗುಂಪು ಮಾಡುವುದು ಹೇಗೆ

ಕೆರೆಯ ದಡದಲ್ಲಿ ಕುಳಿತು ಒಂದು ಬೊಗಸೆ ನೀರೆತ್ತಿದರೆ ಅದರಲ್ಲಿ ಕಾಣುವ ಹತ್ತಾರು ಜೀವಿಗಳ ಪೈಕಿ ಒಂದೆರಡಕ್ಕಷ್ಟೇ ನಮಗೆ ಹೆಸರು ಗೊತ್ತಿರುತ್ತದೆ. ಹೆಸರು ತಿಳಿಯದ ಕಾರಣಕ್ಕೇ ಎಷ್ಟೋ ವಿದ್ಯಾರ್ಥಿಗಳೂ ಶಿಕ್ಷಕರೂ ಕೆರೆಯ ಅಧ್ಯಯನವನ್ನು ಮೊದಲ ದಿನವೇ ಕೈಬಿಡುವುದನ್ನು ನೋಡಿದ್ದೇನೆ. ಜಲಜೀವಿಗಳನ್ನು ಅರ್ಥಪೂರ್ಣವಾಗಿ ಗುಂಪು ಮಾಡಲು ಎರಡು ಪ್ರಶ್ನೆಗಳು ಸಾಕು. ನೀರು ಎಳೆದುಕೊಂಡು ಹೋಗುವಾಗ ಈ ಜೀವಿ ಅದಕ್ಕೆ ಎದುರಾಗಿ ತನಗೆ ಬೇಕಾದ ಕಡೆ ಹೋಗಬಲ್ಲದೆ? ನೀರಿನ ಯಾವ ಭಾಗದಲ್ಲಿ, ಯಾವುದನ್ನು ಆತುಕೊಂಡು ಇದು ಬದುಕುತ್ತಿದೆ? ಮೊದಲನೆಯದು ಅದರ ನಡೆ, ಎರಡನೆಯದು ಅದರ ನೆಲೆ. ಈ ಮಾರ್ಗದರ್ಶಿಯಲ್ಲಿ ಬಯಲುಸೀಮೆಯ ಒಂದು ಸಾಧಾರಣ ಕೆರೆಯನ್ನು ಎದುರಿಗಿಟ್ಟುಕೊಂಡು, ಏರಿಯ ಮೇಲಿಂದ ಹೂಳಿನವರೆಗೆ ಈ ಕೆಲಸವನ್ನು ಹೇಗೆ ಮಾಡಬೇಕೆಂದು ವಿವರಿಸುತ್ತೇನೆ.

ಈ ಗುಂಪುಗಳ ಹೆಸರುಗಳು ಸಮುದ್ರದ ಅಧ್ಯಯನದಿಂದ ಬಂದವು. ಅಲೆದಾಡುವುದು ಎಂಬ ಅರ್ಥದ ಗ್ರೀಕ್ ಪದದಿಂದ ‘ಪ್ಲಾಂಕ್ಟನ್’ ಎಂಬ ಹೆಸರನ್ನು 1887ರಲ್ಲಿ ಕೊಟ್ಟವರು ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸೆನ್. ನಮ್ಮ ಪಠ್ಯಪುಸ್ತಕಗಳು ಇದನ್ನು ಪ್ಲವಕ ಎಂದು ಕರೆಯುತ್ತವೆ. ಕೆಲವೇ ವರ್ಷಗಳಲ್ಲಿ ಅರ್ನ್ಸ್ಟ್ ಹೆಕೆಲ್ ಅವರು ಈಜುಗರಿಗೆ ನೆಕ್ಟಾನ್ ಎಂದೂ ತಳವಾಸಿಗಳಿಗೆ ಬೆಂಥಾಸ್ ಎಂದೂ ಹೆಸರಿಟ್ಟರು. ನೀರಿನ ಮೇಲ್ಪೊರೆಯನ್ನೇ ಮನೆ ಮಾಡಿಕೊಂಡ ಸಣ್ಣ ಜೀವಿಗಳಿಗೆ ನ್ಯೂಸ್ಟಾನ್ ಎಂಬ ಹೆಸರು ಬಂದದ್ದು 1917ರಲ್ಲಿ, ಸ್ವೀಡನ್ನಿನ ಐನಾರ್ ನೌಮನ್ ಅವರಿಂದ. ಗಿಡದ ಕಾಂಡ, ಕಲ್ಲು, ಕಂಬಗಳಿಗೆ ಅಂಟಿಕೊಂಡು ಬೆಳೆಯುವ ಪಾಚಿ ಮತ್ತು ಸೂಕ್ಷ್ಮಜೀವಿಗಳ ಪದರಕ್ಕೆ ಪೆರಿಫೈಟಾನ್ ಎನ್ನುತ್ತಾರೆ. ನೆನಪಿಡಬೇಕಾದ ಹೆಸರುಗಳು ಈ ಐದೇ.

ಹೊರಡುವ ಮುನ್ನ

ಒಂದು ಅಗಲವಾದ ಬಿಳಿ ಬೋಗುಣಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, 5 ಲೀಟರಿನ ಬಕೆಟ್ಟು, ಎರಡು ಮೂರು ಅಗಲ ಬಾಯಿಯ ಬಾಟಲಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ, ಒಂದು ನೋಟ್ ಪುಸ್ತಕ ಮತ್ತು ಪೆನ್ಸಿಲ್ಲು ಇದ್ದರೆ ಸಾಕು. ಪ್ಲವಕ ಹಿಡಿಯಲು ಸುಮಾರು 60 ಮೈಕ್ರಾನ್ ಕಣ್ಣಿನ ನೈಲಾನ್ ಬಲೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಒತ್ತು ನೇಯ್ಗೆಯ ತೆಳು ಬಟ್ಟೆಯನ್ನು ಶಂಕುವಿನಾಕಾರಕ್ಕೆ ಹೊಲಿದು, ಅಗಲದ ತುದಿಗೆ ತಂತಿಯ ಬಳೆ ಸೇರಿಸಿ, ಚೂಪು ತುದಿಗೆ ಚಿಕ್ಕ ಬಾಟಲಿಯೊಂದನ್ನು ಕಟ್ಟಿದರೆ ದೊಡ್ಡ ಪ್ರಾಣಿಪ್ಲವಕಗಳಾದರೂ ಖಂಡಿತ ಸಿಗುತ್ತವೆ.

ಕೆರೆಗೆ ಒಬ್ಬರೇ ಹೋಗಬೇಡಿ, ಮೊಣಕಾಲು ಮುಳುಗುವಷ್ಟು ನೀರಿಗಿಂತ ಮುಂದೆ ಇಳಿಯಬೇಡಿ. ಮಣ್ಣು ತೆಗೆದ ಗುಂಡಿಗಳು ತಿಳಿನೀರಿನಡಿಯಲ್ಲೂ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕೆರೆಗಳಲ್ಲಿ ಮಕ್ಕಳು ಪ್ರಾಣ ಕಳೆದುಕೊಳ್ಳುವುದು ಹೆಚ್ಚಾಗಿ ಅಂಥ ಗುಂಡಿಗಳಲ್ಲೇ. ಒಂದು ಕೆರೆಯಲ್ಲಿ ಬಳಸಿದ ಬಲೆಯನ್ನು ತೊಳೆದು ಒಣಗಿಸದೆ ಇನ್ನೊಂದು ಕೆರೆಗೆ ಇಳಿಸಬಾರದು, ಏಕೆಂದರೆ ಒಂದು ಚೂರು ಕಳೆಯೋ ಒಂದು ಹಿಡಿ ಮೊಟ್ಟೆಯೋ ಹೊಸ ಕೆರೆಯನ್ನು ಸೇರಲು ಅಷ್ಟೇ ದಾರಿ ಸಾಕಾಗುತ್ತದೆ.

ಮೊದಲು ನೀರಿನ ಮೇಲ್ಪೊರೆ

ಏರಿಯಿಂದ ಇಳಿದು ತೂಬಿನ ಹತ್ತಿರ, ಗಾಳಿ ಬೀಸದ ಮೂಲೆಯಲ್ಲಿ ಕುಳಿತು, ನೀರನ್ನು ಮುಟ್ಟದೆ ಹತ್ತು ನಿಮಿಷ ನೋಡಿ. ಬಕೆಟ್ಟು ಅದ್ದಿದ ಕ್ಷಣವೇ ಮೇಲ್ಪೊರೆಯ ಜೀವಿಗಳು ಚದುರಿಹೋಗುವುದರಿಂದ ಈ ಹತ್ತು ನಿಮಿಷ ಮುಂದೆ ಮತ್ತೆ ಸಿಗುವುದಿಲ್ಲ. ಉದ್ದ ಕಾಲುಗಳನ್ನು ಚಾಚಿ ನೀರಿನ ಮೇಲೆ ಜಾರುವ ತಿಗಣೆ ಜಾತಿಯ ಕೀಟವನ್ನು ಗಮನಿಸಿ. ಅದರ ಒಂದೊಂದು ಪಾದದಡಿಯಲ್ಲೂ ನೀರು ಒಡೆಯದೆ ಸಣ್ಣ ಕುಳಿಯಾಗಿ ತಗ್ಗಿರುತ್ತದೆ, ಬಿಸಿಲಿದ್ದರೆ ಆ ಕುಳಿಗಳ ದುಂಡನೆಯ ನೆರಳು ಕೆಳಗಿನ ಮರಳಿನ ಮೇಲೆ ಬೀಳುತ್ತದೆ. ನೀರಿನ ಮೇಲ್ಮೈ ಎಳೆತವೇ ಅದಕ್ಕೆ ನೆಲ. ಗುಂಪುಗಟ್ಟಿ ಗಿರಗಿರನೆ ಸುತ್ತುವ ಕಪ್ಪು ಜೀರುಂಡೆಗಳಿದ್ದರೆ ಅವುಗಳ ಕಣ್ಣನ್ನು ಮಸೂರದಲ್ಲಿ ನೋಡುವ ಅವಕಾಶ ಬಿಡಬೇಡಿ: ಒಂದೊಂದು ಕಣ್ಣೂ ಎರಡು ಭಾಗವಾಗಿದ್ದು, ಮೇಲಿನ ಭಾಗ ಗಾಳಿಯ ಕಡೆಗೂ ಕೆಳಗಿನ ಭಾಗ ನೀರಿನ ಒಳಕ್ಕೂ ತೆರೆದಿರುತ್ತದೆ. ನೆಲೆಯೇ ದೇಹವನ್ನು ತಿದ್ದಿರುವುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಕೆರೆಯಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದು.

ಮೇಲ್ಪೊರೆಗೆ ಕೆಳಗಿನ ಮಗ್ಗುಲೂ ಇದೆ. ಸೊಳ್ಳೆಯ ಮರಿಗಳು ಅಲ್ಲಿಂದ ನೇತಾಡುತ್ತವೆ. ಕ್ಯೂಲೆಕ್ಸ್ ಮರಿ ಬಾಲದ ಉಸಿರುನಳಿಕೆಯನ್ನು ಮೇಲ್ಪೊರೆಗೆ ತಾಗಿಸಿ ತಲೆಕೆಳಗಾಗಿ ಓರೆಯಾಗಿ ತೂಗುತ್ತಿರುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಮರಿಗೆ ಅಂಥ ನಳಿಕೆ ಇಲ್ಲದ್ದರಿಂದ ಅದು ಮೇಲ್ಪೊರೆಗೆ ಸಮಾನಾಂತರವಾಗಿ ಮಲಗಿರುತ್ತದೆ. ಯಾವ ಸೊಳ್ಳೆಯ ಮರಿ ಎಂಬುದನ್ನು ಬರಿಗಣ್ಣಿನಲ್ಲೇ ಗುರುತಿಸಲು ಆರೋಗ್ಯ ಕಾರ್ಯಕರ್ತರು ನೆಚ್ಚುವುದು ಈ ಭಂಗಿಯನ್ನೇ. ಅಂತರಗಂಗೆ, ಅಜೋಲ್ಲಾ, ಸಣ್ಣ ಎಲೆಯ ಲೆಮ್ನಾ ಮುಂತಾದ ತೇಲುಗಿಡಗಳನ್ನೂ ಇದೇ ಪುಟದಲ್ಲಿ ಬರೆದುಕೊಳ್ಳಿ, ಆದರೆ ಪ್ರತ್ಯೇಕ ಸಾಲಿನಲ್ಲಿ: ದೇಹದ ಒಂದು ಭಾಗ ಗಾಳಿಯಲ್ಲಿದ್ದು ಗಾಳಿ ತಳ್ಳಿದತ್ತ ಸಾಗುವ ಇವುಗಳಿಗೆ ಪ್ಲೂಸ್ಟಾನ್ ಎಂಬ ಬೇರೆ ಹೆಸರುಂಟು. ತಾವರೆ, ನೈದಿಲೆಗಳ ಎಲೆಯೂ ತೇಲುತ್ತದಾದರೂ ಬೇರು ಹೂಳಿನಲ್ಲಿರುವುದರಿಂದ ಅವು ಈ ಗುಂಪಿಗೆ ಸೇರುವುದಿಲ್ಲ.

ತೇಲಿಕೊಂಡು ಹೋಗುವವು

ಇನ್ನು ಬಲೆಗೆ ಬರೋಣ. ಬಕೆಟ್ಟಿನಿಂದ ಹತ್ತು ಸಲ, ಅಂದರೆ ಒಟ್ಟು 50 ಲೀಟರ್ ನೀರನ್ನು ಬಲೆಯ ಮೂಲಕ ನಿಧಾನವಾಗಿ ಸುರಿಯಿರಿ. ಹೊರಗಿನಿಂದ ನೀರು ಚಿಮುಕಿಸಿ ಬಟ್ಟೆಗೆ ಅಂಟಿದ್ದನ್ನೆಲ್ಲ ಕೆಳಗಿನ ಬಾಟಲಿಗೆ ಇಳಿಸಿ, ಅದನ್ನು 100 ಮಿಲಿಲೀಟರಿಗೆ ಸರಿಹೊಂದಿಸಿ. ಮೆಲ್ಲಗೆ ಕಲಕಿ 1 ಮಿಲಿಲೀಟರ್ ತೆಗೆದು ಎಣಿಸಿದಾಗ ಅದರಲ್ಲಿ 6 ನೀರುಚಿಗಟ, ಅಂದರೆ ಡಾಫ್ನಿಯಾ ಕಂಡರೆ, ಬಾಟಲಿಯಲ್ಲಿರುವುದು ಸುಮಾರು 600. ಅವು 50 ಲೀಟರಿನಿಂದ ಬಂದವಾದ್ದರಿಂದ ಲೀಟರಿಗೆ 12 ಎಂದಾಯಿತು. ಒಂದೇ ಸಲದ ಎಣಿಕೆಯನ್ನು ನಂಬದೆ ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ.

ಪ್ಲವಕವೆಂದರೆ ಚಲನೆಯೇ ಇಲ್ಲದ ಜೀವಿ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಡಾಫ್ನಿಯಾ ತನ್ನ ಕವಲೊಡೆದ ಮೀಸೆಗಳನ್ನು ಬೀಸಿ ಜಿಗಿಜಿಗಿದು ಸಾಗುತ್ತದೆ, ಸೈಕ್ಲಾಪ್ಸ್ ಒಂದೇ ನೆಗೆತಕ್ಕೆ ಮಸೂರದಾಚೆ ಹೋಗಿಬಿಡುತ್ತದೆ, ರೋಟಿಫರ್ ತಲೆಯ ಮೇಲೆ ತಿರುಗುವ ಚಕ್ರದಂತೆ ಕಾಣುವ ಕೂದಲುಗಳನ್ನು ಬಡಿಯುತ್ತ ಈಜುತ್ತದೆ. ಆದರೂ ನೀರು ಒಂದು ಕಡೆಗೆ ಹರಿಯತೊಡಗಿದರೆ ಇವೆಲ್ಲ ಅದರ ಜೊತೆಗೇ ಹೋಗಬೇಕು. ಆದ್ದರಿಂದ ಗಾತ್ರವೂ ಇಲ್ಲಿ ಅಳತೆಗೋಲಾಗದು: ಸಮುದ್ರದ ಲೋಳೆಮೀನುಗಳಲ್ಲಿ ಕೆಲವು ಒಂದು ಮೀಟರಿಗಿಂತ ಅಗಲವಾಗಿದ್ದರೂ ಪ್ರವಾಹವನ್ನು ಗೆಲ್ಲಲಾರದ ಕಾರಣ ಪ್ಲವಕವೆಂದೇ ಎಣಿಕೆಯಾಗುತ್ತವೆ, ಇತ್ತ 2 ಮೈಕ್ರಾನಿಗಿಂತ ಚಿಕ್ಕದಾದ ಸೂಕ್ಷ್ಮಜೀವಿಗಳೂ ಅದೇ ಗುಂಪಿನಲ್ಲಿವೆ.

ಇದನ್ನು ಕಣ್ಣಾರೆ ಕಾಣಲು ನಾನು ಯಾವಾಗಲೂ ಮಾಡಿಸುವ ಒಂದು ಪರೀಕ್ಷೆ ಇದೆ. ಬೋಗುಣಿಯಲ್ಲಿ ನಾಲ್ಕು ಬೆರಳು ಆಳದಷ್ಟು ಕೆರೆನೀರು ತೆಗೆದುಕೊಂಡು, ಅಂಚಿನಲ್ಲಿ ಬೆರಳಾಡಿಸಿ ನೀರನ್ನು ಮೆಲ್ಲನೆ ಒಂದೇ ದಿಕ್ಕಿನಲ್ಲಿ ಸುತ್ತಿಸಿ, ಬೆರಳು ತೆಗೆದು ನೋಡಿ. ಡಾಫ್ನಿಯಾಗಳು ಜಿಗಿಯುತ್ತಲೇ ನೀರಿನ ಜೊತೆ ಸುತ್ತುತ್ತವೆ. ಸಣ್ಣ ಮೀನಿದ್ದರೆ ಅದು ತಟ್ಟನೆ ಹರಿವಿಗೆ ಎದುರಾಗಿ ತಲೆ ತಿರುಗಿಸಿ, ಬಾಲ ಆಡಿಸುತ್ತ ನಿಂತ ಜಾಗದಲ್ಲೇ ನಿಲ್ಲುತ್ತದೆ. ಬಸವನಹುಳು ತಳಕ್ಕೆ ಅಂಟಿಕೊಂಡಿರುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ಕಾಲೂರಿ ಹಿಡಿತ ಹುಡುಕುತ್ತದೆ. ಪ್ಲವಕ, ನೆಕ್ಟಾನ್, ಬೆಂಥಾಸ್ ಮೂರೂ ಒಂದೇ ಬೋಗುಣಿಯಲ್ಲಿ, ಅರ್ಧ ನಿಮಿಷದೊಳಗೆ ಬೇರೆಬೇರೆಯಾಗಿ ಕಾಣುತ್ತವೆ. ಆಗತಾನೆ ಮೊಟ್ಟೆಯೊಡೆದ ಮೀನಿನ ಮರಿ ಸಿಕ್ಕರೆ ಅದು ಮಾತ್ರ ಡಾಫ್ನಿಯಾದ ಜೊತೆಯಲ್ಲೇ ಸುತ್ತುತ್ತದೆ; ಅದನ್ನು ಆ ಹೊತ್ತಿಗೆ ಪ್ಲವಕವೆಂದೇ ಬರೆಯಬೇಕು.

ಈ ಪರೀಕ್ಷೆಯನ್ನು ನೀರು ತೆಗೆದ ಅರ್ಧ ಗಂಟೆಯೊಳಗೆ ಮಾಡಬೇಕು. ಒಮ್ಮೆ ನಾನು ಮುಚ್ಚಳ ಬಿಗಿದ ಬಾಟಲಿಯನ್ನು ಏರಿಯ ಕಲ್ಲಿನ ಮೇಲೆ ಬಿಸಿಲಿನಲ್ಲಿಟ್ಟು ಮಧ್ಯಾಹ್ನ ತೆರೆದಾಗ, ಬೆಳಿಗ್ಗೆ ನೀರಿನ ತುಂಬ ಜಿಗಿಯುತ್ತಿದ್ದ ಜೀವಿಗಳೆಲ್ಲ ಸತ್ತು ತಳದಲ್ಲಿ ಬೂದಿಯಂತೆ ಕೂತಿದ್ದವು. ಅವನ್ನು ಮೊದಲ ಬಾರಿಗೆ ನೋಡುವವರು ತಳವಾಸಿಗಳೆಂದು ಬರೆದುಕೊಳ್ಳುತ್ತಿದ್ದರು. ಸತ್ತ ಜೀವಿಗೆ ನಡೆಯಿಲ್ಲ. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ, ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ.

ಸಸ್ಯಪ್ಲವಕಗಳಿಗೆ ಇರುವ ದೊಡ್ಡ ತೊಡಕು ಮುಳುಗದೆ ಬೆಳಕಿನಲ್ಲಿ ಉಳಿಯುವುದು. ಡಯಾಟಮ್‌ಗಳು ಗಾಜಿನಂಥ ಚಿಪ್ಪಿನ ಭಾರವನ್ನು ಹೊತ್ತಿದ್ದರಿಂದ ಗಾಳಿ ನೀರನ್ನು ಕಲಕುವಾಗಲಷ್ಟೇ ಚೆನ್ನಾಗಿ ತೇಲುತ್ತವೆ. ಮೈಕ್ರೊಸಿಸ್ಟಿಸ್ ಎಂಬ ನೀಲಿಹಸಿರು ಪಾಚಿಯ ಕೋಶಗಳೊಳಗೆ ಗಾಳಿ ತುಂಬಿದ ಪುಟ್ಟ ಚೀಲಗಳಿರುವುದರಿಂದ ಅದು ಗಾಳಿಯಿಲ್ಲದ ದಿನಗಳಲ್ಲಿ ಮೇಲೆದ್ದು, ಚರಂಡಿ ನೀರು ಸೇರಿದ ಕೆರೆಗಳ ಮೇಲೆ ಹಸಿರು ಬಣ್ಣ ಬಳಿದಂತೆ ಕಟ್ಟಿಕೊಳ್ಳುತ್ತದೆ. ಅದರ ಕೆಲವು ತಳಿಗಳು ವಿಷಕಾರಿಯಾದ್ದರಿಂದ ಅಂಥ ನೀರನ್ನು ಬರಿಗೈಯಲ್ಲಿ ಮುಟ್ಟಬೇಡಿ, ದನಗಳಿಗೂ ಕುಡಿಸಬೇಡಿ.

ಪ್ಲವಕದ ನಡೆಯನ್ನು ತಿಳಿದದ್ದು ನಮ್ಮ ನಾಡಿನಲ್ಲೇ ಒಂದು ರೋಗವನ್ನು ಓಡಿಸಿದೆ. ಕರ್ನಾಟಕವೂ ಸೇರಿದಂತೆ ದೇಶದ ಹಲವು ರಾಜ್ಯಗಳನ್ನು ಕಾಡುತ್ತಿದ್ದ ನಾರುಹುಣ್ಣು, ಸೈಕ್ಲಾಪ್ಸ್ ಇದ್ದ ನೀರನ್ನು ಕುಡಿಯುವುದರಿಂದ ಬರುತ್ತಿತ್ತು. ಹುಣ್ಣಾದ ಕಾಲನ್ನು ಮೆಟ್ಟಿಲುಬಾವಿಗೆ ಇಳಿಸಿದಾಗ ಹುಣ್ಣಿನೊಳಗಿನ ಹುಳು ನೀರಿಗೆ ಬಿಟ್ಟ ಮರಿಗಳನ್ನು ಸೈಕ್ಲಾಪ್ಸ್ ತಿನ್ನುತ್ತಿತ್ತು, ಆ ಸೈಕ್ಲಾಪ್ಸನ್ನು ಮನುಷ್ಯರು ನೀರಿನ ಜೊತೆ ನುಂಗುತ್ತಿದ್ದರು. ನಿಂತ ನೀರಿನಲ್ಲಿ ತೇಲುವ, ಸುಮಾರು ಒಂದು ಮಿಲಿಮೀಟರ್ ಉದ್ದದ ಜೀವಿಯನ್ನು ಬಟ್ಟೆಯಲ್ಲಿ ಸೋಸಿ ತಡೆಯಬಹುದೆಂಬ ತಿಳಿವಳಿಕೆ, ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸಿದ್ದು ಮತ್ತು ಮನೆಮನೆಯ ತಪಾಸಣೆ ಸೇರಿ ಆ ಸರಪಳಿಯನ್ನು ಕಡಿದವು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ಮಕ್ಕಳ ಬಲೆಯಲ್ಲಿ ಸೈಕ್ಲಾಪ್ಸ್ ಸಿಕ್ಕಾಗಲೆಲ್ಲ ಈ ಸಂಗತಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಸಾಧ್ಯವಾದರೆ ಒಂದು ಸಂಜೆಯೂ ಅದೇ ಜಾಗದಿಂದ ನೀರು ತೆಗೆಯಿರಿ. ಅನೇಕ ಪ್ರಾಣಿಪ್ಲವಕಗಳು ಹಗಲಿನಲ್ಲಿ ಮೀನುಗಳ ಕಣ್ಣು ತಪ್ಪಿಸಿ ಕೆಳಗಿದ್ದು ಕತ್ತಲಾದಂತೆ ಮೇಲೇರುವುದರಿಂದ, ಬೆಳಗಿನ ಎಣಿಕೆಗೂ ಸಂಜೆಯ ಎಣಿಕೆಗೂ ಬಹಳ ವ್ಯತ್ಯಾಸ ಬರುತ್ತದೆ. ಸಮಯ ಬರೆಯದ ಎಣಿಕೆಯನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಈಜುಗರು

ಮೀನುಗಳನ್ನು ನೋಡಲು ಬಲೆ ಬೀಸುವ ಅಗತ್ಯವಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ದಿನ ದಡಕ್ಕೆ ಹೋಗಿ ಮೀನುಗಳ ಬಾಯನ್ನು ಗಮನಿಸಿ. ಕಾಟ್ಲಾದ ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ, ಏಕೆಂದರೆ ಅದು ಮೇಲ್ಭಾಗದ ನೀರಿನಲ್ಲಿ ಪ್ಲವಕವನ್ನು ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಸಣ್ಣ ಕುಚ್ಚಿನಂಥ ಅಂಚಿದ್ದು ಅದು ನಡುನೀರಿನಲ್ಲಿ ಮೇಯುತ್ತದೆ. ಮೃಗಾಲ್ ಮೀನಿನ ಬಾಯಿ ಕೆಳಮುಖವಾಗಿದ್ದು ತಳದ ಕೊಳೆತ ಪದಾರ್ಥವೇ ಅದರ ಮುಖ್ಯ ಆಹಾರ. ಮಿಶ್ರ ಮೀನು ಸಾಕಣೆಯಲ್ಲಿ ಈ ಮೂರನ್ನೂ ಒಟ್ಟಿಗೆ ಬಿಡುವುದು ಇದೇ ಕಾರಣಕ್ಕೆ. ಒಂದು ಇನ್ನೊಂದರ ಊಟಕ್ಕೆ ಕೈಹಾಕದೆ ಕೆರೆಯ ಮೂರು ಅಂತಸ್ತುಗಳಲ್ಲೂ ಬೆಳೆಯುತ್ತವೆ. ಮೂರೂ ಈಜುವ ಮೀನುಗಳೇ ಆದ್ದರಿಂದ ನಡೆಯ ದೃಷ್ಟಿಯಿಂದ ಒಂದೇ ಗುಂಪು, ನೆಲೆಯ ದೃಷ್ಟಿಯಿಂದ ಮೂರು. ಎರಡು ಪ್ರಶ್ನೆಗಳನ್ನೂ ಕೇಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ನೀರುಹಾವು, ಆಮೆ, ಬೆನ್ನಡಿಯಾಗಿ ಈಜುವ ತಿಗಣೆ ಕೂಡ ಈಜುಗರ ಪಟ್ಟಿಗೇ ಬರುತ್ತವೆ.

ಹರಿಯುವ ನೀರಿನಲ್ಲಿ ಈ ವ್ಯತ್ಯಾಸ ಇನ್ನೂ ಗಾಢವಾಗಿ ಕಾಣುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ಗುಂಪಾಗಿ ಸೇರುವ ದೊಡ್ಡ ಮೀನುಗಳು ಹರಿವಿಗೆ ಮುಖಮಾಡಿ ನಿಲ್ಲುವುದನ್ನು ಯಾತ್ರಿಕರೆಲ್ಲ ನೋಡಿರುತ್ತಾರೆ. ರಭಸದ ಮಲೆನಾಡಿನ ಹಳ್ಳದಲ್ಲಿ ಪ್ಲವಕ ನೆಲೆಯೂರುವ ಮೊದಲೇ ಕೊಚ್ಚಿಹೋಗುವುದರಿಂದ ಅಲ್ಲಿನ ಬದುಕೆಲ್ಲ ಕಲ್ಲಿಗೆ ಅಂಟಿದ ಪಾಚಿಯ ಮೇಲೆ ಮತ್ತು ಕಲ್ಲಿನಡಿಯ ಚಪ್ಪಟೆ ಮೈಯ ಕೀಟಗಳ ಮೇಲೆ ನಿಂತಿರುತ್ತದೆ.

ತಳ ಮತ್ತು ಅಂಟಿಕೊಂಡವು

ತಾವರೆ ಎಲೆಯ ಅಡಿಭಾಗವನ್ನೋ ನೀರಿನಲ್ಲಿ ಮುಳುಗಿದ ಕಲ್ಲನ್ನೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಬೋಗುಣಿಗೆ ತೊಳೆದುಕೊಂಡರೆ ಪೆರಿಫೈಟಾನ್ ಸಿಗುತ್ತದೆ. ಗಾಜಿನ ಪಟ್ಟಿಯೊಂದನ್ನು ದಾರಕ್ಕೆ ಕಟ್ಟಿ ಎರಡು ವಾರ ನೀರಿನಲ್ಲಿ ತೂಗುಬಿಟ್ಟರೆ ಅದರ ಮೇಲೆ ಬೆಳೆದದ್ದನ್ನು ನೇರವಾಗಿ ಸೂಕ್ಷ್ಮದರ್ಶಕದಲ್ಲಿಯೇ ನೋಡಬಹುದು.

ತಳಕ್ಕೆ ಬೆಳಕು ಮುಟ್ಟುತ್ತದೆಯೇ ಎಂಬುದು ನೆಲೆಯ ಪ್ರಶ್ನೆಯಲ್ಲಿ ಮುಖ್ಯವಾದದ್ದು. ಇದಕ್ಕೆ 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಗೆ ಕಪ್ಪು ಬಿಳುಪಿನ ಕಾಲು ಭಾಗಗಳನ್ನು ಬಳಿದು, ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಿಂದ ನೀರಿಗೆ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಬರೆದುಕೊಳ್ಳಿ. ಇಟಲಿಯ ಪಾದ್ರಿ ಹಾಗೂ ಖಗೋಳಜ್ಞ ಆಂಜೆಲೊ ಸೆಕಿ 1865ರಲ್ಲಿ ಇಂಥ ತಟ್ಟೆಯನ್ನು ಸಮುದ್ರದಲ್ಲಿ ಪ್ರಯೋಗಿಸಿದ್ದರು. ಆ ಆಳದ ಸುಮಾರು ಎರಡರಿಂದ ಮೂರು ಪಟ್ಟಿನವರೆಗೆ ಪಾಚಿಗೆ ಬೇಕಾದಷ್ಟು ಬೆಳಕಿರುತ್ತದೆಂಬುದು ಒರಟು ಲೆಕ್ಕ. ಹೂಳೆದ್ದು ಕೆಂಪಾದ ಕೆರೆಯಲ್ಲಿ ತಟ್ಟೆ ಒಂದು ಗೇಣಿಗೇ ಮರೆಯಾದರೆ, ತಳ ಎಷ್ಟೇ ಮೇಲಿದ್ದರೂ ಅದು ಕತ್ತಲಿನ ತಳ.

ದಡದಿಂದ ಒಂದು ಬೋಗುಣಿ ಹೂಳು ತೆಗೆದು ಜರಡಿಗೆ ಹಾಕಿ, ನೀರಿನಲ್ಲಿ ಅಲುಗಾಡಿಸುತ್ತ ಕೆಸರನ್ನು ಹೊರಬಿಡಿ. ಜರಡಿಯಲ್ಲಿ ಉಳಿದದ್ದರಲ್ಲಿ ಮೇಲ್ಮೈಯಲ್ಲಿ ಹರಿದಾಡುವ ಬಸವನಹುಳು, ಏಡಿಮರಿಗಳನ್ನೂ ಮಣ್ಣಿನೊಳಗೆ ಹುದುಗಿ ಬದುಕುವ ಚಿಪ್ಪಿನ ಜೀವಿ, ಹುಳುಗಳನ್ನೂ ಬೇರೆಬೇರೆ ಬರೆಯಬೇಕು. ಬೆಂಥಾಸ್‌ನೊಳಗಿನ ಮುಖ್ಯ ವಿಭಾಗ ಇದು. ರಕ್ತದಂತೆ ಕೆಂಪಗಿರುವ ಕೈರೊನೊಮಸ್ ಮರಿ ಕಂಡರೆ ಅದರ ಬಣ್ಣಕ್ಕೆ ಕಾರಣ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಎಂದು ತಿಳಿಯಿರಿ. ಆಮ್ಲಜನಕ ತೀರಾ ಕಡಿಮೆಯಿರುವ ಕಪ್ಪು ಕೆಸರಿನಲ್ಲಿ ಅದು ಬದುಕಲು ಸಾಧ್ಯವಾಗುವುದು ಅದರಿಂದಲೇ. ಅಂಥ ಮರಿಗಳು ಮತ್ತು ಬಾಲ ಮೇಲಕ್ಕೆತ್ತಿ ಅಲುಗಾಡಿಸುವ ಟ್ಯೂಬಿಫೆಕ್ಸ್ ಹುಳುಗಳು ಬಿಟ್ಟರೆ ಬೇರೇನೂ ಜರಡಿಯಲ್ಲಿ ಇಲ್ಲವಾದರೆ, ಕೆರೆಗೆ ಕೊಳಚೆ ಸೇರುತ್ತಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಏರೋಪ್ಲೇನ್ ಚಿಟ್ಟೆಯ ಮರಿಯೊಂದನ್ನು ಬೋಗುಣಿಯಲ್ಲಿ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ, ಅದುವರೆಗೆ ತೆವಳುತ್ತಿದ್ದದ್ದು ಹಿಂಬದಿಯಿಂದ ನೀರನ್ನು ಚಿಮ್ಮಿಸಿ ಬಾಣದಂತೆ ಮುಂದೆ ನುಗ್ಗುತ್ತದೆ. ಆ ಒಂದು ನುಗ್ಗಾಟ ನೋಡಿ ಅದನ್ನು ಈಜುಗರ ಪಟ್ಟಿಗೆ ಸೇರಿಸಬೇಡಿ. ದಿನದ ಬಹುಭಾಗ ಅದು ಎಲ್ಲಿರುತ್ತದೆಂಬುದೇ ನಿರ್ಣಾಯಕ.

ಒಂದು ಜೀವಿ, ಹಲವು ಗುಂಪು

ಹೊಸಬರು ಹೆಚ್ಚು ತಪ್ಪುವುದು ಗುಂಪನ್ನು ಜಾತಿಗೆ ಅಂಟಿಸುವಲ್ಲಿ. ಗುಂಪು ಸೇರುವುದು ಆ ಜೀವಿ ಈಗಿರುವ ಹಂತ. ಕರಾವಳಿಯವರು ಬಂಡೆಯಿಂದ ಕಿತ್ತು ತರುವ ಪಚ್ಚಿಲೆ, ನೂಲಿನಂಥ ಎಳೆಗಳಿಂದ ಕಲ್ಲನ್ನು ಕಚ್ಚಿಕೊಂಡ ಅಪ್ಪಟ ತಳವಾಸಿ. ಮರಿಯಾಗಿದ್ದಾಗ ಅದು ಅಲೆಗಳಲ್ಲಿ ತೇಲಿದ ಪ್ಲವಕ. ಏಡಿಯೂ ಸಮುದ್ರದಲ್ಲಿ ಹಾಗೆಯೇ ಬೆಳೆಯುತ್ತದೆ. ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯ ತೆಪ್ಪವಾಗಿ ಮೇಲ್ಪೊರೆಯ ಮೇಲಿದ್ದು, ಮರಿಯಾಗಿ ಅದರ ಕೆಳಗೆ ತೂಗಿ, ಕೊನೆಗೆ ನೀರನ್ನೇ ಬಿಟ್ಟು ಹಾರುತ್ತದೆ. ಕಾವೊಬೋರಸ್ ಎಂಬ ಕೀಟದ ಗಾಜಿನಂಥ ಮರಿಯಂತೂ ಹಗಲು ಹೂಳಿನಲ್ಲಿ ಹುದುಗಿದ್ದು ರಾತ್ರಿ ಪ್ಲವಕವಾಗುತ್ತದೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ‘ಏಡಿ: ಬೆಂಥಾಸ್’ ಎಂದಷ್ಟೇ ಬರೆಯದೆ, ‘ತೂಬಿನ ಎಡಕ್ಕೆ, ಬೆಳಿಗ್ಗೆ 7.30, ನೀರಿನ ಆಳ ಒಂದು ಮೊಳ, ಬೆಳೆದ ಏಡಿ, ಕಲ್ಲಿನಡಿಯಲ್ಲಿ, ಬೋಗುಣಿಯಲ್ಲಿ ತಳ ಹಿಡಿಯಿತು’ ಎಂದು ಬರೆಯಿರಿ. ಗುಂಪಿನ ಹೆಸರನ್ನು ಅದರ ಮುಂದಿನ ಅಂಕಣದಲ್ಲಿ ಪೆನ್ಸಿಲ್ಲಿನಲ್ಲಿ ಹಾಕಿ, ಏಕೆಂದರೆ ಅನುಮಾನವಿದ್ದದ್ದನ್ನು ಮುಂದಿನ ಭೇಟಿಯಲ್ಲಿ ತಿದ್ದಬೇಕಾಗಬಹುದು.

ಇದೇ ಜಾಗಕ್ಕೆ ಕೋಡಿ ಬಿದ್ದ ದಿನಗಳಲ್ಲಿ ಒಮ್ಮೆ, ಸಂಕ್ರಾಂತಿಯ ಸುಮಾರಿಗೆ ಒಮ್ಮೆ, ನೀರು ಇಳಿದು ಅಂಗಳ ಬಿರುಕು ಬಿಡುವ ಬೇಸಿಗೆಯಲ್ಲಿ ಒಮ್ಮೆ ಹೋಗಿ ಅದೇ ಕ್ರಮದಲ್ಲಿ ನೋಡಿ. ಪ್ರತಿ ಸಲವೂ ಹೊರಡುವ ಮೊದಲು ಬೋಗುಣಿಯ ನೀರನ್ನು, ಅದರಲ್ಲಿರುವ ಜೀವಿಗಳ ಸಮೇತ, ಎಲ್ಲಿಂದ ತೆಗೆದಿದ್ದಿರೋ ಅಲ್ಲಿಗೇ ಮೆಲ್ಲಗೆ ಬಗ್ಗಿಸಿ ಬಿಡಿ. ಹೂಳಿನಿಂದ ಬಂದವನ್ನು ಹೂಳಿನ ಹತ್ತಿರ, ಎಲೆಯಡಿಯಿಂದ ಬಂದವನ್ನು ಎಲೆಯಡಿಗೆ.